ಐದನೆಯ ಚೀಟಿ

ಬೆಳಿಗ್ಗೆ ಬಂದವಳು ಕಿಟಕಿಯ ಪರದೆಯನ್ನು ಅರ್ಧ ಸರಿಸಿ, ಕುರ್ಚಿಯಲ್ಲಿ ಕೂರುವ ಮೊದಲೇ ತನ್ನ ಉಗುರುಗಳನ್ನು ನೋಡಿಕೊಂಡಳು. ಹದಿನೈದು ದಿನದಿಂದ ಅದೊಂದು ಚಟವಾಗಿಬಿಟ್ಟಿತ್ತು. ಐವತ್ತೆಂಟು ವರ್ಷದ ಉಗುರುಗಳಲ್ಲಿ ನೋಡುವಂಥದ್ದೇನೂ ಇರಲಿಲ್ಲ; ಉದ್ದಕ್ಕೆ ಎದ್ದ ಸಣ್ಣ ಗೆರೆಗಳು, ಹೆಬ್ಬೆರಳಿನ ಸಂದಿಯಲ್ಲಿ ಒಂದಿಷ್ಟು ಮಸಿ. ಅವುಗಳಿಗೆ ಬಣ್ಣ ಹಚ್ಚಿ ಮೂವತ್ತೈದು ವರ್ಷವಾಗಿತ್ತು. ಹಚ್ಚಿದ್ದೂ ಒಂದೇ ಸಾರಿ, ಒಂದೇ ದಿನದ ಮಟ್ಟಿಗೆ. ಈಗ ಯಾರಾದರೂ ಕೈ ಹಿಡಿದು ತಿರುಗಿಸಿ ನೋಡಿದರೆ ಯಾವುದೋ ಮೂಲೆಯಲ್ಲಿ ಗುಲಾಬಿ ಉಳಿದಿರಬಹುದು ಎಂಬ ಹೆದರಿಕೆ ಅವಳಿಗೇ ನಗು ತರಿಸುತ್ತಿತ್ತು. ನಗುತ್ತಲೇ ಇನ್ನೊಂದು ಸಾರಿ ನೋಡಿಕೊಳ್ಳುತ್ತಿದ್ದಳು.

ಕೀಟ ಸಂಗ್ರಹದ ಆ ಕೋಣೆಯ ಮೂರು ಗೋಡೆಗಳಿಗೂ ಮರದ ಬೀರುಗಳು. ಬೀರುಗಳಲ್ಲಿ ಗಾಜಿನ ಮುಚ್ಚಳದ ಡ್ರಾಯರುಗಳು, ಡ್ರಾಯರುಗಳಲ್ಲಿ ಸೂಜಿಗೆ ಚುಚ್ಚಿದ ಪತಂಗಗಳು, ಸಾಲು ಹಿಡಿದು ನಿಂತ ಹಾಗೆ. ಅರವತ್ತು ಸಾವಿರಕ್ಕೆ ಹತ್ತಿಪ್ಪತ್ತು ಕಡಿಮೆ. ಇವಳ ಸೀರೆ, ಚೀಲ, ಛತ್ರಿ ಎಲ್ಲಕ್ಕೂ ನುಸಿಗುಳಿಗೆಯ ವಾಸನೆ ಹತ್ತಿ, ಅಕ್ಕನ ಮಗಳು ಚಿಕ್ಕವಳಿದ್ದಾಗ ಇವಳನ್ನು ನುಸಿಗುಳಿಗೆ ಚಿಕ್ಕಮ್ಮ ಎಂದೇ ಕರೆಯುತ್ತಿದ್ದಳು. ಪ್ರತಿ ಸೂಜಿಯಲ್ಲೂ ಪತಂಗದ ಕೆಳಗೆ ಮಹಡಿ ಮನೆಯ ಹಾಗೆ ಒಂದರ ಕೆಳಗೊಂದು ಚೀಟಿ. ಎಲ್ಲಿ ಸಿಕ್ಕಿತು, ಯಾವತ್ತು, ಯಾರು ಹಿಡಿದರು, ಏನು ಹೆಸರು. ಈ ಕೋಣೆಯ ಕಾನೂನು ಎರಡೇ ಎರಡು. ಒಮ್ಮೆ ಹಾಕಿದ ಚೀಟಿಯನ್ನು, ಅದರಲ್ಲಿ ಬರೆದದ್ದು ತಪ್ಪೆಂದು ಗೊತ್ತಾದರೂ, ಯಾರೂ ತೆಗೆಯುವಂತಿಲ್ಲ; ಸರಿಯಾದದ್ದನ್ನು ಇನ್ನೊಂದು ಚೀಟಿಯಲ್ಲಿ ಬರೆದು ಅದರ ಕೆಳಗೆ ಚುಚ್ಚಬೇಕು. ಎರಡನೆಯದು, ಡ್ರಾಯರಿನ ತಳದಲ್ಲಿ ಉದುರಿ ಬಿದ್ದದ್ದನ್ನು ಯಾವುದಕ್ಕೂ ಅಂಟಿಸಬಾರದು. ಎರಡನ್ನೂ ಮಾಡಿದವರು ಮೇಷ್ಟ್ರು. ಅವರು ಮೇಷ್ಟ್ರ ಕೆಲಸ ಮಾಡಿದವರೇನಲ್ಲ, ಇದೇ ಕೋಣೆಯಲ್ಲಿ ಮೂವತ್ತು ವರ್ಷ ಪತಂಗಗಳನ್ನು ಗುರುತಿಸುತ್ತ ಕೂತವರು. ಆದರೂ ಎಲ್ಲರ ಬಾಯಲ್ಲಿ ಮೇಷ್ಟ್ರು. ಅವರು ತೀರಿಕೊಂಡು ಒಂಬತ್ತು ವರ್ಷವಾಯಿತು. ಅವರು ಕೂರುತ್ತಿದ್ದ ಕುರ್ಚಿಯಲ್ಲಿ ಅವಳು ಕೂತು ಇನ್ನೂ ಹೆಚ್ಚು ವರ್ಷವಾಯಿತು. ಈ ತಿಂಗಳ ಕೊನೆಗೆ ಅದರಿಂದ ಅವಳೂ ಏಳಬೇಕು.

ಕೆಲಸಕ್ಕೆ ಸೇರಿದ ಮೊದಲ ವಾರ ಮೇಷ್ಟ್ರು ಎರಡು ಪತಂಗಗಳನ್ನು ಅವಳ ಮುಂದಿಟ್ಟು, ಇವೆರಡೂ ಒಂದೇನಾ ಬೇರೇನಾ ಎಂದು ಕೇಳಿದ್ದರು. ಎರಡೂ ಬೂದಿ ಬಣ್ಣ. ಎರಡರ ರೆಕ್ಕೆಯ ಮೇಲೂ ಒಂದು ಬಿಳಿ ಚುಕ್ಕೆ, ಅಂಚಿನಲ್ಲಿ ಹಲ್ಲುಹಲ್ಲಾದ ಒಂದು ಗೆರೆ. ಅವಳು ಅರ್ಧ ಗಂಟೆ ನೋಡಿ, ಒಂದೇ ಎಂದಳು. ಮೇಷ್ಟ್ರು ನಗಲಿಲ್ಲ. "ಮುಖ ನೋಡಿ ಮೋಸ ಹೋಗ್ಬೇಡ. ಹೊಟ್ಟೆ ಬಿಡಿಸಿ ನೋಡು." ಹೊಟ್ಟೆಯ ಭಾಗವನ್ನು ಮುರಿದು ತೆಗೆದು, ಕ್ಷಾರದ ನೀರಿನಲ್ಲಿ ಬೇಯಿಸಿ, ಸಪೂರ ಸೂಜಿಯಿಂದ ಬಿಡಿಸಿ ಗಾಜಿನ ಪಟ್ಟಿಯ ಮೇಲೆ ಹರಡಿದರೆ, ಗಂಡು ಹೆಣ್ಣು ಕೂಡುವ ಅಂಗ ಕಾಣಿಸುತ್ತದೆ. ಒಂದರದ್ದು ಕೊಕ್ಕೆಯ ಹಾಗೆ, ಇನ್ನೊಂದರದ್ದು ಚಮಚದ ಹಾಗೆ. ಒಂದರ ಕೀಲಿ ಇನ್ನೊಂದರ ಬೀಗಕ್ಕೆ ಬೀಳುವುದಿಲ್ಲ. ಇದನ್ನು ಇಪ್ಪತ್ತಮೂರರ ಹುಡುಗಿಗೆ ವಿವರಿಸುವಾಗ ಮೇಷ್ಟ್ರು ಉದ್ದಕ್ಕೂ ಕಿಟಕಿಯ ಕಡೆ ನೋಡುತ್ತಿದ್ದರು. ಪಾಪ, ಎಷ್ಟು ಮರ್ಯಾದಸ್ಥರು ಎಂದು ಅವಳಿಗೆ ಆಮೇಲೆ ಎಷ್ಟೋ ಸಾರಿ ಅನ್ನಿಸಿದ್ದಿದೆ.

ಕಂಪ್ಯೂಟರಿನಲ್ಲಿ ಹದಿನೈದು ದಿನದ ಹಿಂದೆ ಬಂದ ಆ ಪತ್ರ ಹಾಗೇ ಇತ್ತು. ದೂರದ ಊರಿನ ಒಬ್ಬ ಸಂಶೋಧಕ ಈ ಬೂದಿ ಪತಂಗಗಳ ವಂಶವನ್ನೆಲ್ಲ ಮತ್ತೆ ಮೊದಲಿನಿಂದ ಪರಿಶೀಲಿಸುತ್ತಿದ್ದ. ಮೇಷ್ಟ್ರು ತಮ್ಮ ಹೆಂಡತಿಯ ಹೆಸರಿಟ್ಟ ಪತಂಗದ ಒಂದು ಕಾಲು ಬೇಕೆಂದು ಕೇಳಿದ್ದ. ಪ್ರಪಂಚದಲ್ಲಿ ಆ ಹೆಸರಿನದು ಅದೊಂದೇ. ಆಮೇಲೆ ಯಾರಿಗೂ ಎಲ್ಲೂ ಸಿಗಲಿಲ್ಲ. ಬಹಳ ಅಪರೂಪದ್ದು ಎಂದು ಎಲ್ಲರೂ ಬರೆದರು. ಅವಳೇ ಚಿಮಟದಲ್ಲಿ ಕಾಲು ಬಿಡಿಸಿ, ಪತಂಗದ ಮತ್ತು ಅದರ ಗಾಜಿನ ಪಟ್ಟಿಯ ಫೋಟೋಗಳ ಜೊತೆ ಕಳಿಸಿದ್ದಳು. ಉತ್ತರ ಬಂತು. ಕಾಲು ಎಲ್ಲ ಊರಿನ ಎಲ್ಲ ದೀಪಕ್ಕೂ ಬಂದು ಬೀಳುವ ಸಾಮಾನ್ಯ ಬೂದಿ ಪತಂಗದ್ದು. ಗಾಜಿನ ಪಟ್ಟಿಯಲ್ಲಿರುವ ಹೊಟ್ಟೆಯೋ, ನೂರು ವರ್ಷದ ಹಿಂದೆಯೇ ಬೇರೆ ಯಾರೋ ಹೆಸರಿಟ್ಟು ಮುಗಿಸಿದ ಇನ್ನೊಂದು ಜಾತಿಯದು. ಅಂದರೆ ಮೈ ಒಂದರದ್ದು, ಹೊಟ್ಟೆ ಒಂದರದ್ದು, ಎರಡಕ್ಕೂ ಮೊದಲೇ ಬೇರೆ ಹೆಸರಿದೆ. ನಡುವೆ ಮೇಷ್ಟ್ರು ಇಟ್ಟ ಹೆಸರಿಗೆ ಮೈಯೇ ಇಲ್ಲ. 'ಎದೆಯ ತುದಿಯಲ್ಲಿ ಗುಲಾಬಿ ಬಣ್ಣದ ಅಂಟಿನಂಥದ್ದು ಕಾಣಿಸುತ್ತಿದೆ. ಇದನ್ನು ಯಾರು, ಯಾವಾಗ ಅಂಟಿಸಿದರೆಂದು ತಮ್ಮಲ್ಲಿ ದಾಖಲೆ ಇದ್ದರೆ ಶುಕ್ರವಾರದೊಳಗೆ ತಿಳಿಸಿ. ಇಲ್ಲದಿದ್ದರೆ ಹೆಸರಿಟ್ಟವರ ಅಜಾಗರೂಕತೆ ಎಂದೇ ಲೇಖನದಲ್ಲಿ ನಮೂದಿಸಬೇಕಾಗುತ್ತದೆ.' ಬಹಳ ವಿನಯದ ಪತ್ರ. ಇವತ್ತು ಶುಕ್ರವಾರ.

ಹೆಸರು ಹೇಗೂ ಹೋಯಿತು. ಅದನ್ನು ಉಳಿಸುವುದು ಅವಳ ಕೈಯಲ್ಲಿರಲಿಲ್ಲ, ಯಾರ ಕೈಯಲ್ಲೂ ಇರಲಿಲ್ಲ. ಉಳಿದದ್ದು ಇಷ್ಟೇ, ತಪ್ಪು ಯಾರ ತಲೆಗೆ ಎನ್ನುವುದು. ಸತ್ತವರ ತಲೆಗೆ ಬಂದರೆ ಅವರಿಗೆ ತಿಳಿಯುವುದಿಲ್ಲ. ತಿಳಿಯುವುದಿಲ್ಲ ಎಂಬ ಈ ಮಾತು ಅವಳ ಮನಸ್ಸಿನಲ್ಲಿ ಎಷ್ಟು ಸಲೀಸಾಗಿ ಬಂತೆಂದರೆ, ಇದನ್ನು ತಾನು ಹದಿನೈದು ದಿನದಿಂದ ಅಭ್ಯಾಸ ಮಾಡುತ್ತಿದ್ದೆನೇನೋ ಎಂದು ನಾಚಿಕೆಯಾಯಿತು.

ಆ ಉಗುರುಬಣ್ಣದ ಶೀಷೆ ಕೊಂಡದ್ದು ಮೊದಲ ಸಂಬಳದಲ್ಲಿ. ಅಂಗಡಿಯವಳು ಗಾಜಿನ ಮೇಲೆ ನಾಲ್ಕು ಶೀಷೆ ಸಾಲಾಗಿಟ್ಟಾಗ ನಾಲ್ಕೂ ಒಂದೇ ಗುಲಾಬಿ ಅನ್ನಿಸಿತ್ತು. ಅಂಗಡಿಯವಳು ಮಾತ್ರ ಇದು ಬೇರೆ, ಅದು ಬೇರೆ ಎನ್ನುತ್ತಿದ್ದಳು. ಮಾರನೆಯ ದಿನ ಹತ್ತು ಬೆರಳಿಗೂ ಹಚ್ಚಿಕೊಂಡು ಕೆಲಸಕ್ಕೆ ಬಂದಳು. ಮೇಷ್ಟ್ರು ಅವಳ ಕೈಯಿಂದ ಡ್ರಾಯರು ಇಸಿದುಕೊಳ್ಳುವಾಗ ಅರೆಕ್ಷಣ ತಡೆದು, "ಬೆರಳಿಗೆ ಬಣ್ಣ ಬಳ್ಕೊಂಡು ರೆಕ್ಕೆ ಮುಟ್ಟೋದಾ? ಇದೇನು ನಾಟಕದ ಕಂಪನಿ ಅಂದ್ಕೊಂಡ್ಯಾ?" ಎಂದರು. ಗಟ್ಟಿಯಾಗಿ ಏನಲ್ಲ. ಆದರೆ ಬಾಗಿಲಲ್ಲಿ ಬೀಗದಕೈ ಗೊಂಚಲು ಹಿಡಿದು ನಿಂತಿದ್ದ ಬೀಗದವನು ಕೇಳಿಸಿಕೊಂಡ. ಕೇಳಿಸದವನ ಹಾಗೆ ಚಾವಣಿ ನೋಡಿದ. ಅವಳು ಮಧ್ಯಾಹ್ನದೊಳಗೆ ಬ್ಲೇಡಿನಿಂದ ಹತ್ತೂ ಉಗುರು ಕೆರೆದುಕೊಂಡಳು. ಶೀಷೆ ಮೇಜಿನ ಖಾನೆಯ ಹಿಂಬದಿಗೆ ಹೋಯಿತು. ಅವತ್ತು ಮಧ್ಯಾಹ್ನ ಗಂಡನಿಗೆ ಊಟದ ಡಬ್ಬಿ ತಂದ ಮೇಷ್ಟ್ರ ಹೆಂಡತಿ, ಎಂದಿನಂತೆ ಇವಳಿಗೆಂದು ಕಟ್ಟಿದ್ದ ಚಿಕ್ಕ ಡಬ್ಬಿಯನ್ನು ಕೈಗೆ ಕೊಡುತ್ತ, ಉಗುರಿನ ಅಂಚುಗಳಲ್ಲಿ ಉಳಿದದ್ದನ್ನು ಕಂಡರು. "ಅಯ್ಯೋ, ಚೆನ್ನಾಗಿತ್ತಲ್ಲೇ ಹುಡುಗಿ. ಯಾಕೆ ಕೆರ್ಕೊಂಡೆ?" ಗಂಡ ಕೈ ತೊಳೆಯಲು ಹೋದದ್ದನ್ನು ನೋಡಿಕೊಂಡು ತಮ್ಮ ಕಿರುಬೆರಳು ಮುಂದೆ ಚಾಚಿದರು. "ಇದೊಂದಕ್ಕೆ ಹಚ್ಚು. ಒಂದಕ್ಕೆ ಹಚ್ಚಿದ್ರೆ ಅವ್ರಿಗೇನೂ ಕಾಣಿಸಲ್ಲ. ಅವ್ರಿಗೆ ಹುಳದ ಕಾಲು ಕಾಣಿಸುತ್ತೆ, ಮನುಷ್ಯರ ಕೈ ಕಾಣಿಸಲ್ಲ." ಇಬ್ಬರೂ ಶಾಲೆಯ ಹುಡುಗಿಯರ ಹಾಗೆ ಬಾಯಿ ಮುಚ್ಚಿಕೊಂಡು ನಕ್ಕಿದ್ದರು. ಅವರಿಗೆ ಆಗ ನಲವತ್ತೈದು. ಅವತ್ತಿನಿಂದ ಅವಳು ಅವರನ್ನು ಅಮ್ಮ ಎಂದು ಕರೆಯತೊಡಗಿದಳು.

ಒಂದು ತಿಂಗಳಾಗಿರಬೇಕು. ಡ್ರಾಯರುಗಳನ್ನು ತಳ್ಳುಗಾಡಿಯಲ್ಲಿಟ್ಟು ಹೊಸ ಬೀರುವಿಗೆ ಸಾಗಿಸುವಾಗ ಗಾಡಿಯ ಚಕ್ರ ಹೊಸ್ತಿಲಿಗೆ ಬಡಿಯಿತು. ದೊಡ್ಡ ಸದ್ದೇನೂ ಆಗಲಿಲ್ಲ. ಮೇಲಿನ ಡ್ರಾಯರಿನಲ್ಲಿ ಎರಡು ಪತಂಗಗಳ ಹೊಟ್ಟೆ ಕಳಚಿ ತಳದಲ್ಲಿ ಉರುಳಿಕೊಂಡಿದ್ದವು, ಎರಡು ಜೀರಿಗೆ ಕಾಳಿನ ಹಾಗೆ. ಒಣಗಿದ ಪತಂಗಗಳಿಗೆ ಇದು ಆಗುವುದೇ. ಉದುರಿದ್ದನ್ನು ಚಿಕ್ಕ ಡಬ್ಬಿಯಲ್ಲಿ ಹಾಕಿ, 'ಯಾವುದರದ್ದೆಂದು ತಿಳಿಯದು' ಎಂದು ಚೀಟಿ ಬರೆದಿಟ್ಟರೆ ಮುಗಿಯಿತು. ಮುಗಿಯುತ್ತಿತ್ತು. ಆದರೆ ಆ ಚೀಟಿಯನ್ನು ಮೇಷ್ಟ್ರ ಕೈಗೆ ಕೊಡಬೇಕಿತ್ತು. ಅವರು ಮೊದಲು ಅವಳ ಬೆರಳುಗಳನ್ನು ನೋಡುತ್ತಿದ್ದರು. ಅಂಟಿನ ಡಬ್ಬಿ ಅವರ ಮೇಜಿನ ಮೇಲಿತ್ತು. ಅವಳ ಖಾನೆಯಲ್ಲಿ ಶೀಷೆಯಿತ್ತು. ಸ್ವಲ್ಪ ದಪ್ಪಗಿದ್ದದ್ದು ಎಡಗಡೆಯದರದ್ದಿರಬೇಕು ಎಂದುಕೊಂಡಳು. ಸೂಜಿಯ ತುದಿಯಲ್ಲಿ ಒಂದು ಹನಿ ಇದಕ್ಕೆ, ಒಂದು ಹನಿ ಅದಕ್ಕೆ. ಐದು ನಿಮಿಷದ ಕೆಲಸ. ಆಮೇಲೆ ಊದಿ ಒಣಗಿಸಿದಳು, ಉಗುರಿಗೆ ಊದುವ ಹಾಗೆ.

ವರ್ಷದ ನಂತರ ಒಂದು ಮಧ್ಯಾಹ್ನ ಮೇಷ್ಟ್ರು ಮೈಕ್ರೋಸ್ಕೋಪಿನಿಂದ ಕಣ್ಣು ತೆಗೆಯದೆ, ಬಲಗೈಯನ್ನು ಮಾತ್ರ ಗಾಳಿಯಲ್ಲಿ ಆಡಿಸಿ ಅವಳನ್ನು ಕರೆದರು. "ಬಾ ಇಲ್ಲಿ. ನೋಡು. ಇಂಥ ಕೊಕ್ಕೆ ಎಲ್ಲಾದ್ರೂ ಕಂಡಿದ್ದೀಯಾ?" ಅವರ ಕೈ ನಡುಗುತ್ತಿತ್ತು. ಅವಳು ನೋಡಿದಳು. ಕೊಕ್ಕೆಯನ್ನಲ್ಲ, ಪಕ್ಕದಲ್ಲಿ ಹೊಟ್ಟೆ ತೆಗೆಸಿಕೊಂಡು ನಿಂತಿದ್ದ ಪತಂಗವನ್ನು. ಅದು ಪಂಪ್‌ಹೌಸಿನ ದೀಪದ ಕೆಳಗೆ ಸಿಕ್ಕಿದ್ದೆಂದು ಚೀಟಿ ಹೇಳುತ್ತಿತ್ತು. ಆ ಡ್ರಾಯರು, ಎಡಗಡೆಯದು. "ಇಲ್ಲ ಸರ್," ಎಂದಳು. ಅದು ಸುಳ್ಳಾಗಿರಲಿಲ್ಲ. ಮೇಷ್ಟ್ರು ಇಡೀ ಕಚೇರಿಗೆ ಬಿಸ್ಕತ್ತು ಹಂಚಿದರು. ಆಮೇಲೆ ರೆಕ್ಕೆಯಲ್ಲೂ ವ್ಯತ್ಯಾಸ ಕಂಡುಹಿಡಿದರು. ಬಿಳಿ ಚುಕ್ಕೆ ಒಂದು ಕೂದಲೆಳೆಯಷ್ಟು ಕೆಳಗಿದೆ ಎಂದರು. ಅವಳಿಗೂ ಹಾಗೆಯೇ ಕಂಡಿತು. ಸರಿಯಾಗಿಯೇ ಅಂಟಿಸಿದ್ದೆನೇನೋ, ಸರಿಯಾಗಿರುವ ಸಾಧ್ಯತೆಯೂ ಎರಡರಲ್ಲಿ ಒಂದು ಪಾಲು ಇದೆಯಲ್ಲ ಎಂದು ಮೊದಲ ವರ್ಷ ಅಂದುಕೊಂಡಳು. ಆಮೇಲೆ ಅಂದುಕೊಳ್ಳುವುದನ್ನು ಬಿಟ್ಟಳು. ಹತ್ತು ವರ್ಷ ಕಳೆದ ಮೇಲೆ ಆ ಹೆಸರು ಅವಳಿಗೂ ಒಂದು ಹೆಸರಷ್ಟೇ ಆಗಿತ್ತು. ಈಗ ಹದಿನೈದು ದಿನದಿಂದ ಮಾತ್ರ ಇನ್ನೊಂದು ಪ್ರಶ್ನೆ ಅವಳನ್ನು ತಿನ್ನುತ್ತಿತ್ತು. ಆ ಹೊಟ್ಟೆಯನ್ನು ಮುರಿದು ತೆಗೆದವರು ಮೇಷ್ಟ್ರೇ. ಎಂಟಡಿ ದೂರದಿಂದ ಡ್ರಾಯರಿನ ಹುಳುಕು ಗುರುತಿಸುತ್ತಿದ್ದ ಮನುಷ್ಯ. ಮಸೂರದ ಕೆಳಗೆ ಉಂಗುರದ ಹಾಗೆ ಹೊಳೆಯುತ್ತಿದ್ದ ಗುಲಾಬಿ ಅವರಿಗೆ ಕಾಣಿಸಲಿಲ್ಲವೆ?

ನಿನ್ನೆ ಧೈರ್ಯ ಮಾಡಿ ಮುಖ್ಯಸ್ಥರ ಕೋಣೆಗೆ ಹೋಗಿದ್ದಳು. ಅವರು ಹೊಸಬರು, ಇವಳ ಅರ್ಧ ವಯಸ್ಸು ಎಂದರೂ ನಡೆಯುತ್ತದೆ. "ಸರ್, ಆ ಬೂದಿ ಪತಂಗದ ವಿಷಯ. ಅದನ್ನ ಅಂಟಿಸಿದ್ದು…" ಎಂದು ಶುರುಮಾಡಿದಳು. ಅವರ ಫೋನು ಮೇಜಿನ ಮೇಲೆ ಒಂದು ಸಾರಿ ನಡುಗಿತು. "ಮೇಡಂ, ಹೋಗೋ ಟೈಮಲ್ಲಿ ಇದಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀರಿ? ಮಾಹಿತಿ ಲಭ್ಯವಿಲ್ಲ ಅಂತ ಹಾಕಿ ಕಳಿಸಿಬಿಡಿ. ಬೀಳ್ಕೊಡುಗೆಗೆ ನಿಮಗೆ ಗೋಡೆ ಗಡಿಯಾರ ಬೇಕಾ, ಚೀಲ ಬೇಕಾ, ಅದನ್ನ ಹೇಳಿ ಮೊದಲು," ಎಂದು ನಕ್ಕರು. ಒಳ್ಳೆಯ ಹುಡುಗ. ಅವಳು ಗಡಿಯಾರ ಎಂದು ಹೇಳಿ ಬಂದಳು. ಮೂವತ್ತೈದು ವರ್ಷ ಬಾಯಲ್ಲಿಟ್ಟುಕೊಂಡ ಮಾತನ್ನು ಕೊನೆಗೆ ಉಗುಳಲು ಹೋದರೆ ಕೇಳುವವರಿಗೆ ಪುರಸೊತ್ತಿಲ್ಲ! ಮೆಟ್ಟಿಲು ಇಳಿಯುವಾಗ ಅವಳಿಗೆ ಬೇಸರಕ್ಕಿಂತ ಹೆಚ್ಚಾಗಿ ಒಂದು ಬಗೆಯ ಹಗುರವೆನಿಸಿತು. ಹಗುರವೆನಿಸಿದ್ದಕ್ಕೆ ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ಎದ್ದವಳೇ, ಕಾಫಿಯನ್ನೂ ಮುಗಿಸದೆ, ಊಟದ ಮೇಜಿನ ಮೇಲೆ ಕರಿ ಮಸಿಯಿಂದ ಉಗುರಗಲದ ಚೀಟಿಯೊಂದನ್ನು ಬರೆದು, ಪುಸ್ತಕದ ನಡುವೆ ಒಣಗಿಸಿ ತಂದಿದ್ದಳು.

ಈಗ ಡ್ರಾಯರು ತೆಗೆದಳು. ಅಮ್ಮನ ಹೆಸರಿನ, ಕೆಂಪು ಅಂಚಿನ ಚೀಟಿಯ ಪತಂಗ ಮೂಲೆಯಲ್ಲಿ ಒಂದೇ ನಿಂತಿತ್ತು. ಸೂಜಿಯನ್ನು ಮೆಲ್ಲಗೆ ಎತ್ತಿ, ನಾಲ್ಕು ಚೀಟಿಗಳ ಕೆಳಗೆ ಐದನೆಯದನ್ನು ಚುಚ್ಚಿದಳು. ಕಾಗದ ಸಣ್ಣಗೆ ಚಟ್ಟೆಂದಿತು. ಆಮೇಲೆ ಕಂಪ್ಯೂಟರಿನ ಮುಂದೆ ಕೂತು ಉತ್ತರವನ್ನೂ ಬರೆದಳು, ಆರೇ ಸಾಲು. ಕಳಿಸುವ ಗುಂಡಿಯ ಮೇಲೆ ಬೆರಳಿಟ್ಟು ತೆಗೆದಳು. ಇವತ್ತು ಅಮ್ಮ ಬರುವ ದಿನ. ಅವರಿಗೆ ಹೇಳದೆ ಕಳಿಸುವುದು ಹೇಗೆ? ಹೇಳಿಯಾದರೂ ಕಳಿಸುವುದು ಹೇಗೆ?

ವರ್ಷಕ್ಕೊಮ್ಮೆ, ಗಂಡನ ಪಿಂಚಣಿ ನಿಲ್ಲದಿರಲು, ತಾನಿನ್ನೂ ಬದುಕಿದ್ದೇನೆಂದು ಸಹಿ ಹಾಕಲು ಅಮ್ಮ ಕೆಳಗಿನ ಕಚೇರಿಗೆ ಬರುತ್ತಿದ್ದರು. ಹಾಕಿದ ಮೇಲೆ ಮಹಡಿ ಹತ್ತಿ ಬಂದು ತಮ್ಮ ಹೆಸರಿನ ಪತಂಗವನ್ನು ನೋಡಿ ಹೋಗುತ್ತಿದ್ದರು. ಹನ್ನೊಂದಕ್ಕೆ ಮೆಟ್ಟಿಲಲ್ಲಿ ಬೀಗದಕೈ ಗೊಂಚಲಿನ ಸದ್ದು ಕೇಳಿಸಿತು. ಅದೇ ಬೀಗದವನು, ಅವನ ಕೆಲಸ ಮುಗಿದು ನಾಲ್ಕು ವರ್ಷವಾದರೂ ಬೀಗಗಳೆಲ್ಲ ಅವನ ಮಾತೇ ಕೇಳುತ್ತಿದ್ದರಿಂದ ದಿನಗೂಲಿಗೆ ಉಳಿಸಿಕೊಂಡಿದ್ದರು.

"ಮೇಡಮ್ಮಾ, ಅಮ್ಮಾವ್ರು ಬಂದ್ರು. ಬದುಕಿರೋದು ಸಾಬೀತಾಯ್ತಂತೆ."

"ಹೂಂ ಕಣಪ್ಪ," ಎಂದರು ಅಮ್ಮ, ಏದುಸಿರಿನ ನಡುವೆ. "ಆ ಹುಡುಗ ಕಾಗದ ನೋಡ್ತಾನೆ, ನನ್ನ ನೋಡ್ತಾನೆ, ಮತ್ತೆ ಕಾಗದ ನೋಡ್ತಾನೆ. ಯಾಕಪ್ಪ, ಅನುಮಾನ ಇದ್ರೆ ಚಿವುಟಿ ನೋಡು ಅಂದೆ. ತಗೋ ಇದು ನಿಂಗೆ. ಸಕ್ಕರೆ ಇಲ್ದೇ ಇರೋ ಬಿಸ್ಕತ್ತು. ಹೋದ ವರ್ಷ ಸಕ್ಕರೆ ಕಾಯಿಲೆ ಅಂದಿದ್ಯಲ್ಲ."

"ಅದನ್ನೂ ನೆನಪಿಟ್ಟಿದ್ದೀರಾ!" ಬೀಗದವನು ಪೊಟ್ಟಣವನ್ನು ಎರಡೂ ಕೈಯಲ್ಲಿ ಇಸಿದುಕೊಂಡ. ಆಮೇಲೆ ಅವಳ ಮುಖವನ್ನೊಮ್ಮೆ ನೋಡಿದವನು, ಎಂದಿನ ಹಾಗೆ ಹರಟೆಗೆ ನಿಲ್ಲದೆ, ಬಾಗಿಲನ್ನು ಮೆಲ್ಲಗೆ ಮುಂದೆ ಮಾಡಿಕೊಂಡು ಹೋದ.

ಅಮ್ಮನಿಗೆ ಎಂಬತ್ತಾಗಿತ್ತು. ಕುರ್ಚಿಯಲ್ಲಿ ಕೂತು ಫ್ಲಾಸ್ಕು ತೆಗೆದು, ಮುಚ್ಚಳದಲ್ಲಿ ಚಹಾ ಬಗ್ಗಿಸಿ ಮೊದಲು ಅವಳಿಗೆ ಕೊಟ್ಟರು. "ಕುಡಿ. ಬಡವಾಗಿದ್ದೀಯ. ಈ ತಿಂಗಳು ಬಿಡ್ತೀಯಂತೆ? ಒಳ್ಳೇದಾಯ್ತು ಬಿಡು ಹುಡುಗಿ. ಆಮೇಲೆ ನೀನೂ ವರ್ಷಕ್ಕೊಂದು ಸಾರಿ ಬದುಕಿದ್ದೀನಿ ಅಂತ ಬರೆದುಕೊಡ್ಬೇಕು, ಇಬ್ರೂ ಒಟ್ಟಿಗೇ ಬರೋಣ." ಅವಳು ಚಹಾ ಕುಡಿದಳು. ಈ ಹೆಂಗಸು ತನ್ನ ಜೀವನದಲ್ಲಿ ಎಷ್ಟು ಡಬ್ಬಿ, ಎಷ್ಟು ಮುಚ್ಚಳ ಚಹಾ ಕೊಟ್ಟಿರಬಹುದು. ಕೊಡುವಾಗ ಒಂದು ಸಾರಿಯೂ ಯಾಕೆಂದು ಯೋಚಿಸಿದವರಲ್ಲ. ಮೇಷ್ಟ್ರು ಕೊನೆಯಲ್ಲಿ ಹಾಸಿಗೆ ಹಿಡಿದಾಗ ವಾರಕ್ಕೆರಡು ಸಾರಿ ಇವಳು ಹೋಗಿ ಕೂರುತ್ತಿದ್ದಳು. ಅದನ್ನೇ ಅಮ್ಮ ಇಂದಿಗೂ ಎಲ್ಲರ ಮುಂದೆ, ಹೊಟ್ಟೆಯಲ್ಲಿ ಹುಟ್ಟಿದ ಮಗಳಾದರೂ ಇಷ್ಟು ಮಾಡುತ್ತಿರಲಿಲ್ಲ ಎನ್ನುತ್ತಿದ್ದರು. ಹೋಗಿ ಕೂರುತ್ತಿದ್ದದ್ದು ಹೇಳಲು. ಹೇಳದೆ ಎದ್ದು ಬರುತ್ತಿದ್ದಳು. ಕೂತದ್ದಷ್ಟೇ ಜನರಿಗೆ ಕಂಡಿತ್ತು.

"ತೆಗಿ, ನನ್ನ ಹುಳ ತೋರಿಸು."

ಡ್ರಾಯರನ್ನು ಕಿಟಕಿಯ ಬೆಳಕಿಗಿಟ್ಟು ಗಾಜು ತೆಗೆದಳು. ಅಮ್ಮ ಬಗ್ಗಿ ನೋಡಿದರು. ಕಣ್ಣಿಗೆ ಪೊರೆ ಬಂದಿದ್ದರಿಂದ ಚೀಟಿಯ ಅಕ್ಷರ ಅವರಿಗೆ ಕಾಣುತ್ತಿರಲಿಲ್ಲ. ಒಂಬತ್ತು ವರ್ಷದಿಂದ ಅವಳೇ ಓದಿ ಹೇಳುತ್ತಿದ್ದಳು. ಅವಳು ಒಂದೊಂದು ಚೀಟಿ ಓದಿದಂತೆ ಅಮ್ಮ ಒಂದೊಂದು ಬೆರಳು ಮಡಚುತ್ತಿದ್ದರು. ಕಿರುಬೆರಳಿನಿಂದ ಶುರು.

"ಪಂಪ್‌ಹೌಸ್ ಗೋಡೆ, ದೀಪದ ಕೆಳಗೆ. ಮಳೆ ನಿಂತ ಮೇಲೆ."

ಕಿರುಬೆರಳು.

"ಹಿಡಿದವರು," ಎಂದು ಮೇಷ್ಟ್ರ ಹೆಸರು ಓದಿದಳು.

ಉಂಗುರದ ಬೆರಳು.

"ಹೊಟ್ಟೆ ಬಿಡಿಸಿದ ಗಾಜಿನ ಪಟ್ಟಿ, ನಂಬರು ನಾನೂರ ಹನ್ನೆರಡು."

ನಡುಬೆರಳು.

ನಾಲ್ಕನೆಯದು ಕೆಂಪು ಅಂಚಿನದು. ಅದರಲ್ಲಿ ಅಮ್ಮನ ಹೆಸರಿಗೆ ಲ್ಯಾಟಿನ್ನಿನ ಒಂದು ಬಾಲ ಸೇರಿಸಿ ಮೇಷ್ಟ್ರು ತಮ್ಮ ಗುಂಡು ಅಕ್ಷರದಲ್ಲಿ ಬರೆದಿದ್ದರು. ಅವಳು ಓದಿದಳು. ಅಮ್ಮ ತೋರುಬೆರಳು ಮಡಚಿ, ಪ್ರತಿ ವರ್ಷದ ಹಾಗೆ, "ನನ್ನ ಹೆಸರಿಗೆ ಬಾಲ ಬೇರೆ," ಎಂದು ನಕ್ಕರು. ಅವಳು ಗಾಜಿನ ಮುಚ್ಚಳಕ್ಕೆ ಕೈ ಹಾಕಿದಳು. ಅಷ್ಟೇ. ಮುಚ್ಚಿಬಿಟ್ಟರೆ ಅಮ್ಮ ಇನ್ನೊಂದು ಮುಚ್ಚಳ ಚಹಾ ಕುಡಿದು ಹೋಗುತ್ತಾರೆ. ಲೇಖನ ಯಾವುದೋ ಊರಿನಲ್ಲಿ ಅಚ್ಚಾಗುತ್ತದೆ, ಅವರಿಗೆ ಯಾರು ಓದಿ ಹೇಳುತ್ತಾರೆ?

"ತಾಳು," ಎಂದರು ಅಮ್ಮ. ಡ್ರಾಯರಿನ ಅಂಚಿಗೆ ಕೆನ್ನೆ ತಾಗುವಷ್ಟು ಬಗ್ಗಿ ಪಕ್ಕದಿಂದ ನೋಡುತ್ತಿದ್ದರು. "ಓದೋಕೆ ಆಗಲ್ಲ, ಎಣಿಸೋಕೇನು. ಐದಿವೆ ಇಲ್ಲಿ. ಇನ್ನೊಂದು ಯಾವುದು? ಹೊಸಾದು, ಬೆಳ್ಳಗಿದೆ."

ಗಾಜು ಅವಳ ಕೈಯಲ್ಲೇ ಉಳಿಯಿತು. ಏನನ್ನಾದರೂ ಓದಬಹುದಿತ್ತು. ಕಾಲೊಂದನ್ನು ಪರೀಕ್ಷೆಗೆ ಕಳಿಸಿದೆ ಎಂದೋ, ಧೂಳು ಒರೆಸಿದೆ ಎಂದೋ. ಬೆಳಿಗ್ಗೆ ಅಷ್ಟು ಗುಂಡಗೆ ಬರೆದ ಅಕ್ಷರಗಳು ಈಗ ಅವಳಿಗೇ ಸರಿಯಾಗಿ ಕಾಣಿಸುತ್ತಿರಲಿಲ್ಲ.

"ಹೊಟ್ಟೆ ಈ ಪತಂಗದ್ದಲ್ಲ," ಎಂದು ಓದಿದಳು. "ಉದುರಿ ಬಿದ್ದಿದ್ದನ್ನ ಯಾವುದರದ್ದೆಂದು ತಿಳಿಯದೆ ನೇಲ್ ಪಾಲಿಶಿನಿಂದ ಅಂಟಿಸಿದವಳು ನಾನು." ಕೆಳಗೆ ತನ್ನ ಸಹಿ ಇದೆ ಎಂದು ಹೇಳುವ ಅಗತ್ಯವಿರಲಿಲ್ಲ, ಆದರೂ ಹೇಳಿದಳು. ಆಮೇಲೆ ಮಿಕ್ಕದ್ದನ್ನೆಲ್ಲ ಹೇಳಿದಳು. ಕಾಲು, ಪತ್ರ, ಎರಡು ಹಳೆಯ ಹೆಸರುಗಳು, ನಡುವಿನ ಹೆಸರು ಇನ್ನು ಯಾವ ಪಟ್ಟಿಯಲ್ಲೂ ಇರುವುದಿಲ್ಲ ಎನ್ನುವುದು.

ಅಮ್ಮ ತಮ್ಮ ಕಿರುಬೆರಳನ್ನು ನೋಡಿಕೊಂಡರು. "ಆ ಗುಲಾಬಿ ಬಣ್ಣಾನಾ? ಇದಕ್ಕೆ ಹಚ್ಚಿದ್ಯಲ್ಲ?"

"ಹೂಂ."

"ಅವತ್ತೇ ಗೊತ್ತಿತ್ತಾ ನಿಂಗೆ? ಅವ್ರು ಹೆಸರಿಡುವಾಗ?"

ಸಂಶೋಧಕ ಕೇಳದ ಪ್ರಶ್ನೆ ಅದು. ಅದಕ್ಕೆ ಚೀಟಿಯಲ್ಲಿ ಜಾಗವೂ ಇರಲಿಲ್ಲ. ಗೊತ್ತಿತ್ತು ಎಂದರೆ ಸುಳ್ಳು, ಗೊತ್ತಿರಲಿಲ್ಲ ಎಂದರೂ ಸುಳ್ಳು. ಅವೆರಡನ್ನೂ ಅವಳು ಹದಿನೈದು ದಿನ ಪಕ್ಕಪಕ್ಕ ಇಟ್ಟು ನೋಡಿದ್ದಳು. ಎರಡೂ ಒಂದೇ ಬೂದಿ ಬಣ್ಣ. "ಗೊತ್ತಾಗ್ತಿಲ್ಲಮ್ಮ," ಎಂದಳು. ಧ್ವನಿ ಇಪ್ಪತ್ತಮೂರರ ಹುಡುಗಿಯ ಹಾಗೆ ಸಣ್ಣಗಾಗಿತ್ತು.

ಅಮ್ಮ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಹಾಕಿದರು, ಬಿಚ್ಚಿದರು, ಮತ್ತೆ ಹಾಕಿದರು. "ಅವತ್ತು ನಾನು ಪೆಟ್ಟಿಗೆ ಕಟ್ಟಿಟ್ಟಿದ್ದೆ," ಎಂದರು, ಮಾರುಕಟ್ಟೆಯ ವಿಷಯ ಹೇಳುವವರ ಹಾಗೆ. "ನಮ್ಮಣ್ಣನ ಮನೆಗೆ ಹೋಗಿಬಿಡೋಣ ಅಂತ. ಮೂರು ತಿಂಗಳಾಗಿತ್ತು ಇಬ್ರೂ ಮಾತಾಡಿ. ಜಗಳ ಅಂತೇನಿಲ್ಲ. ಮಾತೇ ಇರ್ಲಿಲ್ಲ ಅಷ್ಟೆ. ಇಲ್ಲಿಗೆ ಡಬ್ಬಿ ತರ್ತಿದ್ದೆನಲ್ಲ, ಅದೂ ನಿಂಗೋಸ್ಕರ ಅಂತ ಅಂದ್ಕೋತಿದ್ದೆ. ಬೆಳಿಗ್ಗೆ ಹೋಗೋವಾಗಲೇ ಹೇಳಿದ್ದೆ ಅವ್ರಿಗೆ, ಸಂಜೆ ಬಸ್ಸಿಗೆ ಹೋಗ್ತೀನಿ ಅಂತ. ಹೂಂ ಅಂದು ಹೋದ್ರು. ಮಧ್ಯಾಹ್ನ ಮೂರು ಗಂಟೆಗೆ, ಯಾವತ್ತೂ ಆ ಹೊತ್ತಿಗೆ ಬಂದವರಲ್ಲ, ಚಪ್ಪಲಿ ಹಾಕ್ಕೊಂಡೇ ಒಳಗೆ ಬಂದು ನಿಂತ್ಕೊಂಡ್ರು. ಒಂದು ಹೊಸಾ ಪತಂಗ ಸಿಕ್ಕಿದೆ, ನಿನ್ನ ಹೆಸರು ಇಟ್ಟಿದ್ದೀನಿ ಅಂದ್ರು. ಪೆಟ್ಟಿಗೆ ಬಿಚ್ಚಿದೆ."

ಮೂರು ಗಂಟೆಗೆ. ಬಿಸ್ಕತ್ತು ಹಂಚಿದ್ದು ಎರಡೂವರೆಗೆ. ಮಾಮೂಲಿಯಾಗಿ ಒಂದು ಹೊಸ ಜಾತಿ ಎನ್ನಲು ಮೇಷ್ಟ್ರು ಆರು ತಿಂಗಳು ತೆಗೆದುಕೊಳ್ಳುತ್ತಿದ್ದರು, ಹತ್ತು ಕಡೆ ಬರೆದು ಕೇಳುತ್ತಿದ್ದರು. ಅವತ್ತು ಒಂದೇ ಮಧ್ಯಾಹ್ನ ಸಾಕಾಗಿತ್ತು. ಅವರ ಕೈ ನಡುಗುತ್ತಿದ್ದದ್ದು ಯಾವುದಕ್ಕೆ? ಮಸೂರದ ಕೆಳಗೆ ಗುಲಾಬಿ ಉಂಗುರ ಕಂಡಿದ್ದಿರಬಹುದು. ಕಂಡು, ಸಂಜೆಯ ಬಸ್ಸು ನೆನಪಾಗಿದ್ದಿರಬಹುದು. ಏನೂ ಕಾಣದೆಯೂ ಇದ್ದಿರಬಹುದು. ಅವಳು ಹೇಳಲು ಹೋಗಿ ಹೇಳದೆ ಬಂದ ಆ ಕೊನೆಯ ದಿನಗಳಲ್ಲಿ, ಅವರೂ ಒಂದೆರಡು ಸಾರಿ ತುಟಿ ತೆರೆದು ಅವಳ ಬೆರಳುಗಳನ್ನು ನೋಡಿ ಸುಮ್ಮನಾಗಿದ್ದರು. ನೀರು ಬೇಕೇನೋ ಎಂದು ಅವಳು ಲೋಟ ಹಿಡಿದಿದ್ದಳು.

"ಹಾಗಾದ್ರೆ ಒಳ್ಳೇದೇ ಆಯ್ತಲ್ಲಮ್ಮ," ಎಂದಳು. ಅಂದ ಮೇಲೆ, ತಾನು ಕೇಳುತ್ತಿರುವುದು ಕ್ಷಮೆಯನ್ನು ಎಂದು ಅವಳಿಗೆ ಗೊತ್ತಾಯಿತು.

"ಒಳ್ಳೇದಾ?" ಅಮ್ಮ ಆ ಮಾತನ್ನು ಬೆಳಕಿಗೆ ಹಿಡಿದು ನೋಡಿದ ಹಾಗೆ ತಡೆದರು. "ಒಂದು ವಾರ ಚೆನ್ನಾಗಿದ್ರು. ಆಮೇಲೆ ಮೊದಲಿನ ಹಾಗೇ. ಇಪ್ಪತ್ತೈದು ವರ್ಷ ಮೊದಲಿನ ಹಾಗೇ. ನಾನು ಪ್ರತಿ ಸಾರಿ ಪೆಟ್ಟಿಗೆ ತೆಗೆಯೋಣ ಅಂದಾಗ, ಅಯ್ಯೋ, ಇಡೀ ಪ್ರಪಂಚಕ್ಕೆ ಕಾಣೋ ಹಾಗೆ ನನ್ನ ಹೆಸರು ಇಟ್ಟಿದ್ದಾರಲ್ಲ, ಇನ್ನೇನು ಬೇಕು ನಂಗೆ ಅಂತ ಸುಮ್ನಾಗ್ತಿದ್ದೆ. ಅಣ್ಣನ ಊರಲ್ಲಿ ಹೊಲಿಗೆ ಶಾಲೆ ಇತ್ತು. ನಂಗೆ ಕೈಯಿತ್ತು. ಹೋಗಿದ್ರೆ ಏನಾಗ್ತಿತ್ತೋ. ಕೆಟ್ಟದ್ದೂ ಆಗಬಹುದಿತ್ತು, ಯಾರಿಗ್ಗೊತ್ತು. ನೀನು ಇಷ್ಟು ವರ್ಷ ಇದನ್ನೇ ಮಾಡ್ದೋಳಲ್ವ, ಎರಡನ್ನ ಇಟ್ಟು ಇದು ಬೇರೆ ಅದು ಬೇರೆ ಅಂತ ಹೇಳೋ ಕೆಲಸ. ನೀನೇ ಹೇಳು."

ಕೋಪವಿರಲಿಲ್ಲ. ಕೋಪವಿದ್ದಿದ್ದರೆ ಎಷ್ಟು ಸುಲಭವಿತ್ತು. ಎಂಬತ್ತರ ಮುಖ ನಿಜವಾಗಿಯೂ ಉತ್ತರಕ್ಕೆ ಕಾಯುತ್ತಿತ್ತು.

"ಆ ಊರಿಗೆ ಕಳಿಸಿಯಾಯ್ತಾ ಉತ್ತರ?"

"ಇಲ್ಲ. ನಿಮ್ಮನ್ನ ಒಂದು ಮಾತು ಕೇಳಿ…"

"ನನ್ನ ಏನು ಕೇಳ್ತೀಯ? ಹೆಸರಿಡುವಾಗ ಯಾರೂ ಕೇಳಲಿಲ್ಲ. ಕಳಿಸು. ಅವ್ರಿಗ್ಯಾಕೆ ಇಲ್ಲದ ಕೆಟ್ಟ ಹೆಸರು."

ಅವಳು ಗುಂಡಿ ಒತ್ತಿದಳು. ಆರು ಸಾಲು ಹೋದವು. ಏನೂ ಆಗಲಿಲ್ಲ, ಕಿಟಕಿಯ ಹೊರಗೆ ಯಾರೋ ಸೈಕಲ್ಲಿಗೆ ಗಾಳಿ ಹೊಡೆಯುತ್ತಿದ್ದರು, ಹೊಡೆಯುತ್ತಲೇ ಇದ್ದರು. ಗಾಜಿನ ಮುಚ್ಚಳ ಹಾಕಲು ಎದ್ದಾಗ ಅಮ್ಮ ಅವಳ ಮುಂಗೈ ಹಿಡಿದರು. ಹಿಡಿತ ಮೆತ್ತಗಿತ್ತು, ಬೆಚ್ಚಗಿತ್ತು.

"ಇನ್ನೊಂದು ಸಾರಿ ಓದು. ಮೊದಲಿಂದ. ಮುಂದಿನ ವರ್ಷ ಬಂದ್ರೆ ಯಾರು ಓದಿ ಹೇಳ್ತಾರೋ ಏನೋ."

ಅವಳು ಕನ್ನಡಕ ಒರೆಸಿಕೊಂಡಳು. ಪಂಪ್‌ಹೌಸ್ ಗೋಡೆ, ದೀಪದ ಕೆಳಗೆ. ಅಮ್ಮ ಕಿರುಬೆರಳು ಮಡಚಿದರು. ಹಿಡಿದವರು. ನಾನೂರ ಹನ್ನೆರಡು. ಕೆಂಪು ಅಂಚಿನದು ಬಂದಾಗ ಅವಳು ಆ ಹೆಸರನ್ನು, ಬಾಲವನ್ನೂ ಸೇರಿಸಿ, ಎಂದಿಗಿಂತ ನಿಧಾನವಾಗಿ ಓದಿದಳು. ಅಮ್ಮ ನಗಲಿಲ್ಲ, ತೋರುಬೆರಳು ಮಡಚಿದರು. ಅವಳು ಕಾದಳು. ಸಾಕು ಎನ್ನಬಹುದು, ಅಲ್ಲಿಗೇ ನಿಲ್ಲಿಸು ಹುಡುಗಿ ಎನ್ನಬಹುದು ಎಂದು ಕಾದಳು. ಮುಂಗೈ ಮೇಲಿನ ಕೈ ಕದಲಲಿಲ್ಲ. ಇನ್ನೊಂದು ಕೈಯಲ್ಲಿ ಹೆಬ್ಬೆರಳು ಮಾತ್ರ ಮಡಚದೆ ನಿಂತಿತ್ತು.

ಅವಳು ಐದನೆಯದನ್ನು ಓದಿದಳು. ಅಮ್ಮ ಹೆಬ್ಬೆರಳನ್ನೂ ಮಡಚಿದರು.